ಸೋಲಲು ಮೋಸ ಮಾಡಿದ ಶಿವನಂಜಪ್ಪ

ಒಂದು ಊರಿನಲ್ಲಿ ಶಿವನಂಜಪ್ಪ ಎಂಬ ಮೋಸಗಾರನಿದ್ದ. ಗಾಬರಿ ಬೇಡ ಮಕ್ಕಳೇ. ಅವನು ಹಿಟ್ಟಿನ ಗಿರಣಿ ನಡೆಸುತ್ತಿದ್ದ, ಯಾರ ಡಬ್ಬದಿಂದಲೂ ಒಂದು ಹಿಡಿ ಹಿಟ್ಟು ಕದ್ದವನಲ್ಲ. ಅವನು ಮೋಸ ಮಾಡುತ್ತಿದ್ದುದು ಚೌಕಾಬಾರದ ಆಟದಲ್ಲಿ ಮಾತ್ರ, ಅದೂ ಹೆಂಡತಿ ದಾಕ್ಷಾಯಿಣಿಯ ಜೊತೆ ಮಾತ್ರ.

ಅವರ ಮನೆಯ ಜಗಲಿ ಕಲ್ಲಿನ ಮೇಲೆ ಶಿವನಂಜಪ್ಪನ ಅಜ್ಜಿ ಯಾವ ಕಾಲದಲ್ಲೋ ಚೌಕಾಬಾರದ ಮನೆಗಳನ್ನು ಕೆತ್ತಿಸಿದ್ದರು. ದಿನಾ ಸಂಜೆ ಗಿರಣಿ ನಿಂತ ಮೇಲೆ ಗಂಡ ಹೆಂಡತಿ ಮೈಮೇಲಿನ ಹಿಟ್ಟು ಕೊಡವಿಕೊಂಡು ಅಲ್ಲಿ ಕೂರುತ್ತಿದ್ದರು. ಅವನ ಕಾಯಿ ಹುಣಸೆ ಬೀಜ, ಅವಳದು ಒಡೆದ ಬಳೆ ಚೂರು. ಮೊಬೈಲ್ ಹಿಡಿದೇ ಹುಟ್ಟಿದವರಿಗೆ ಈ ಆಟ ಗೊತ್ತಿರಲಿಕ್ಕಿಲ್ಲ, ಎರಡು ಮಾತಿನಲ್ಲಿ ಹೇಳುತ್ತೇನೆ. ನಾಲ್ಕು ಕವಡೆ ಹಾಕಬೇಕು. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಮನೆ ಕಾಯಿ ನಡೆಸಬೇಕು. ಮೊದಲು ಹೊರಸುತ್ತು, ಆಮೇಲೆ ಒಳಸುತ್ತು. ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು, ನಾಲ್ಕೂ ಕಾಯಿ ಹಣ್ಣಾದವರು ಗೆದ್ದರು. ಎದುರಿನವರ ಕಾಯಿ ಕೂತ ಮನೆಗೇ ನಿಮ್ಮ ಕಾಯಿ ಬಂದರೆ ಅದನ್ನು ಕಡಿದ ಹಾಗೆ, ಅದು ಮತ್ತೆ ಮೊದಲಿನಿಂದ ಹೊರಡಬೇಕು. ಆದರೆ ಎದುರಿನವರ ಒಂದು ಕಾಯನ್ನಾದರೂ ಕಡಿಯದೆ ನಿಮ್ಮ ಕಾಯಿ ಒಳಸುತ್ತಿಗೆ ಹೋಗುವ ಹಾಗಿಲ್ಲ. ಕಡಿಯದವನು ಗಾಣದ ಎತ್ತಿನ ಹಾಗೆ ಹೊರಗೇ ಸುತ್ತುತ್ತಿರಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶಿವನಂಜಪ್ಪ ಕಿರುಬೆರಳಿನಲ್ಲಿ ಕವಡೆ ಮಗುಚುತ್ತಿದ್ದ. ಟವೆಲ್ ಕೊಡವುವ ನೆಪದಲ್ಲಿ ಬೀಜವನ್ನು ಒಂದು ಮನೆ ಮುಂದಕ್ಕೆ ತಳ್ಳುತ್ತಿದ್ದ. ಏನೂ ತೋಚದಿದ್ದರೆ "ಹಾಲು ಉಕ್ಕಿದ ವಾಸನೆ ಬರ್ತಿದೆ" ಎನ್ನುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ಒಂದು ಮೋಸವೂ ದಕ್ಕಲಿಲ್ಲ. ದಾಕ್ಷಾಯಿಣಿ ಬೈಯುತ್ತಿರಲಿಲ್ಲ, ತಲೆ ಕೂಡ ಎತ್ತುತ್ತಿರಲಿಲ್ಲ. "ಕೈ" ಎನ್ನುತ್ತಿದ್ದಳು. ಅವನು ಕೈ ತೆಗೆಯುತ್ತಿದ್ದ. ಆಮೇಲೆ ಸೋಲುತ್ತಿದ್ದ.

ಅವಳ ತಲೆ ಅಂಥದ್ದು. ಗಿರಣಿಗೆ ದಿನಕ್ಕೆ ನಲವತ್ತು ಡಬ್ಬ ಬರುತ್ತಿದ್ದವು. ಒಂದರ ಮೇಲೂ ಹೆಸರು ಬರೆಸುತ್ತಿರಲಿಲ್ಲ. ಡಬ್ಬ ಎಲ್ಲಿ ನಗ್ಗಿದೆ ಎಂದು ನೋಡಿ ಯಾರ ಮನೆಯದು, ಎಷ್ಟು ನುಣ್ಣಗೆ ಬೀಸಬೇಕು ಎಂದು ಹೇಳುತ್ತಿದ್ದಳು. ಸ್ವಿಚ್ಚು, ಬೆಲ್ಟು, ಕಲ್ಲು ಎಲ್ಲ ಅವಳ ಉಸ್ತುವಾರಿ. ಶಿವನಂಜಪ್ಪನದು ಡಬ್ಬ ಎತ್ತಿ ಇಳಿಸುವ ಕೆಲಸ, ಮತ್ತೆ ಬೋರ್ಡಿನ ಮೇಲೆ ಅವನ ಹೆಸರು.

ಒಂದು ದಿನ ಇಬ್ಬರೂ ಸ್ಕೂಟರಿನಲ್ಲಿ ಮದುವೆಗೆ ಹೊರಟರು. ದಾರಿಯಲ್ಲಿ ಹೊಸದಾಗಿ ಹಂಪು ಹಾಕಿದ್ದರು, ಇನ್ನೂ ಬಣ್ಣ ಬಳಿದಿರಲಿಲ್ಲ. ಹಿಂದಿನಿಂದ ಅವಳು "ರೀ, ಹಂಪಿದೆ" ಎಂದಳು. ಅವನು "ನಂಗೂ ಕಣ್ಣಿದೆ" ಎಂದ. ಕಣ್ಣಿತ್ತು, ಹಂಪು ಕಾಣಲಿಲ್ಲ. ಅವನ ತಲೆಯ ಮೇಲೆ ಹೆಲ್ಮೆಟ್ ಇತ್ತು. ಅವಳ ಹೆಲ್ಮೆಟ್ ಮನೆಯಲ್ಲಿ ಈರುಳ್ಳಿ ತುಂಬಿಕೊಂಡು ಮೊಳೆಗೆ ನೇತಾಡುತ್ತಿತ್ತು. ಅವನ ಮೊಣಕೈ ತರಚಿತು. ಅವಳ ತಲೆಗೆ ಪೆಟ್ಟಾಗಿ ಒಳಗೆ ರಕ್ತ ಹೆಪ್ಪುಗಟ್ಟಿತು. ಪಟ್ಟಣದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿದರು. ಇಪ್ಪತ್ತು ದಿನ ಅವಳು ಕಣ್ಣು ಬಿಡಲಿಲ್ಲ. ಆ ಇಪ್ಪತ್ತು ದಿನದಲ್ಲಿ ನಗುವಂಥದ್ದು ಏನೂ ನಡೆಯಲಿಲ್ಲ, ಆದ್ದರಿಂದ ಮುಂದೆ ಹೋಗುತ್ತೇನೆ.

ಇಪ್ಪತ್ತೊಂದನೇ ದಿನ ಅವಳು ಕಣ್ಣು ಬಿಟ್ಟು ಗಂಡನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮರ್ಯಾದೆಯಿಂದ ಕೇಳಿದಳು.

"ಅಣ್ಣಾ, ನಿಮ್ಮ ಡಬ್ಬ ಯಾವ್ದು?"

"ಆ ಸೊಟ್ಟ ಡಬ್ಬನೇ ನಂದು ಕಣೇ" ಎಂದ ಶಿವನಂಜಪ್ಪ. ಪಕ್ಕದಲ್ಲಿದ್ದ ನರ್ಸ್ ನಕ್ಕರು. ಅವನೂ ನಕ್ಕ. ಆಮೇಲೆ ವರಾಂಡಕ್ಕೆ ಹೋಗಿ ಟವೆಲ್ ಮುಖಕ್ಕೆ ಒತ್ತಿಕೊಂಡು ಅತ್ತ.

ನಾಲ್ಕು ದಿನಕ್ಕೆ ಅವನು ಯಾರೆಂದು ಅವಳಿಗೆ ಗೊತ್ತಾಯಿತು. ಮನೆಗೆ ಕರೆತಂದ. ಪೂರ್ತಿ ಚೇತರಿಸಿಕೊಳ್ಳಲು ವರ್ಷವೇ ಹಿಡಿಯಬಹುದು, ಎರಡು ವರ್ಷವೂ ಆಗಬಹುದು ಎಂದು ಡಾಕ್ಟರು ಹೇಳಿದ್ದರು. ಆದರೆ ಬೀದಿಯವರಿಗೆ ಅಷ್ಟು ಪುರುಸೊತ್ತಿರಲಿಲ್ಲ. ಎರಡನೇ ವಾರಕ್ಕೇ "ಇನ್ನೂ ಸರಿಹೋಗ್ಲಿಲ್ವಾ?" ಎಂದು ಕೇಳತೊಡಗಿದರು. ಒಬ್ಬರು ಬಾದಾಮಿ ಕೊಡಿ ಎಂದರು. ಒಬ್ಬರು ಒಂದೆಲಗದ ಚಟ್ನಿ ಎಂದರು. ಮೂರನೆಯವರು, ಇನ್ನೊಂದು ಸಲ ಅದೇ ಜಾಗಕ್ಕೆ ಪೆಟ್ಟು ಬಿದ್ದರೆ ಎಲ್ಲ ವಾಪಸ್ ಬರುತ್ತದೆ ಎಂದು ಸಿನಿಮಾ ನೋಡಿದ ಧೈರ್ಯದಲ್ಲಿ ಹೇಳಿದರು. ಅವರಿಗೆ ಮಾತ್ರ ಶಿವನಂಜಪ್ಪ ಕಾಫಿ ಕೊಡಲಿಲ್ಲ.

ದಾಕ್ಷಾಯಿಣಿಗೆ ತನ್ನ ಮದುವೆಯ ದಿನದ ಅಡುಗೆ ನೆನಪಿತ್ತು, ಬೆಳಿಗ್ಗೆ ತಿಂಡಿ ತಿಂದದ್ದು ನೆನಪಿರುತ್ತಿರಲಿಲ್ಲ. ವಾಸನೆ ಗೊತ್ತಾಗುತ್ತಿರಲಿಲ್ಲ. ಬಲಗೈ ಬೆರಳುಗಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಬೇಗ ಸುಸ್ತಾಗುತ್ತಿದ್ದಳು, ಸುಸ್ತಾದಾಗ ಸಿಡುಕುತ್ತಿದ್ದಳು. ಶಿವನಂಜಪ್ಪ ಸೀರೆ ಉಡಿಸಲು ಕಲಿತ. ನೆರಿಗೆ ಎಲ್ಲ ಹಿಂದಕ್ಕೇ ಬರುತ್ತಿತ್ತು. ಮುದ್ದೆ ಮಾಡಲು ಕಲಿತ. ಮೊದಲ ದಿನದ ಮುದ್ದೆಯಲ್ಲಿ ಹಿಟ್ಟಿಗಿಂತ ಗಂಟೇ ಹೆಚ್ಚಿತ್ತು. ಅವಳು ಅದನ್ನು ಉಂಡು "ಚೆನ್ನಾಗಿದೆ" ಎಂದಳು. ಅವಳ ತಲೆಗೆ ಎಷ್ಟು ದೊಡ್ಡ ಪೆಟ್ಟಾಗಿದೆ ಎಂದು ಅವನಿಗೆ ಆಗಲೇ ಪೂರ್ತಿ ಅರ್ಥವಾದದ್ದು.

ಗಿರಣಿಯ ಪಾಡೂ ಅಷ್ಟೇ. ಒಬ್ಬರ ರಾಗಿ ಇನ್ನೊಬ್ಬರ ಮನೆಗೆ ಹೋಯಿತು. ಹೆಡ್‌ಮಾಸ್ಟರ ಮನೆಯವರು ಕಡಲೆಹಿಟ್ಟಿನಲ್ಲಿ ಚಪಾತಿ ಲಟ್ಟಿಸಲು ಹೋಗಿ ಜಗಳಕ್ಕೆ ಬಂದರು. ಕೊನೆಗೆ ಜನರೇ ಡಬ್ಬದ ಮೇಲೆ ಹೆಸರು ಬರೆದು ತರತೊಡಗಿದರು. ದಾಕ್ಷಾಯಿಣಿ ದಿನಾ ಬೆಳಿಗ್ಗೆ ಎದ್ದೊಡನೆ ಒಂದೇ ಮಾತು ಕೇಳುತ್ತಿದ್ದಳು: "ನಾನು ಗಿರಣಿಗೆ ಯಾವಾಗ ಹೋಗ್ಲಿ?" ಉತ್ತರ ಕೇಳಿ, ಮರೆತು, ಮಧ್ಯಾಹ್ನ ಮತ್ತೆ ಕೇಳುತ್ತಿದ್ದಳು.

ಅಪಘಾತವಾಗಿ ಐದು ತಿಂಗಳಾಗಿತ್ತು. ತಾಲ್ಲೂಕಿನ ಕ್ಲಿನಿಕ್ಕಿನಲ್ಲಿ ರೆಹಾನಾ ಮೇಡಂ ಎಂಬುವರು ಇಂಥ ರೋಗಿಗಳಿಗೆ ಅಭ್ಯಾಸ ಮಾಡಿಸುತ್ತಿದ್ದರು. ಅವರು ಗಂಡ ಹೆಂಡತಿಯನ್ನು ಕೂರಿಸಿಕೊಂಡು, ಇಬ್ಬರೂ ಆಡುತ್ತಿದ್ದ ಆಟ ಯಾವುದಾದರೂ ಇದೆಯೇ ಎಂದು ಕೇಳಿದರು. ಚೌಕಾಬಾರ ಎಂದ ಶಿವನಂಜಪ್ಪ.

"ಅದಕ್ಕಿಂತ ಒಳ್ಳೇ ಔಷಧಿ ನನ್ನ ಹತ್ರ ಇಲ್ಲ" ಎಂದರು ರೆಹಾನಾ ಮೇಡಂ. "ಎಣಿಸಬೇಕು, ನೆನಪಿಡಬೇಕು, ಬೆರಳಾಡಿಸಬೇಕು, ಸರದಿ ಬರೋವರೆಗೂ ಕಾಯಬೇಕು. ದಿನಾ ಆಡಿ. ಯಾರು ಗೆದ್ರು ಅಂತ ಕ್ಯಾಲೆಂಡರಲ್ಲಿ ಬರೀರಿ. ಅದನ್ನ ನೋಡಿ ಗಿರಣಿಗೆ ಯಾವಾಗ ಕಳಿಸಬಹುದು ಅಂತ ಹೇಳ್ತೀನಿ."

ಗಿರಣಿ ಎಂದೊಡನೆ ದಾಕ್ಷಾಯಿಣಿ ನೆಟ್ಟಗೆ ಕೂತಳು.

ಮೊದಲ ದಿನ ಶಿವನಂಜಪ್ಪ ನೇರವಾಗಿ ಆಡಿದ. ಅವಳು ಮೂರನ್ನು ಐದು ಎಂದು ಎಣಿಸಿದಳು. ಎರಡು ಸಲ ಅವನ ಹುಣಸೆ ಬೀಜವನ್ನೇ ತನ್ನದೆಂದು ನಡೆಸಿದಳು. ಸೋತಳು. ಕವಡೆಗಳನ್ನು ನೋಡುತ್ತಾ "ನಾನು ದಡ್ಡಿ ಆಗ್ಬಿಟ್ಟೆ ಅಲ್ವಾ ರೀ" ಎಂದಳು. ಆ ಮಾತು ಅವನಿಗೆ ತಡೆಯಲಾಗಲಿಲ್ಲ. ಹಂಪಿದೆ ಎಂದು ಹೇಳಿದವಳು ಅವಳು, ಕೇಳದೆ ಹೋದವನು ತಾನು. ಅವಳು ಇನ್ನು ಸೋಲಬಾರದು ಎಂದು ಅವನು ಅಲ್ಲೇ ತೀರ್ಮಾನಿಸಿದ.

ಮಾರನೆಯ ದಿನ ಅವನ ಕಿರುಬೆರಳು ಹಳೇ ಉದ್ಯೋಗಕ್ಕೆ ಇಳಿಯಿತು, ಈ ಸಲ ಉಲ್ಟಾ. ಅವಳ ಕಾಯಿಗೆ ಏಟು ಬೀಳುವಂತಿದ್ದರೆ ಕವಡೆ ಮಗುಚುತ್ತಿದ್ದ. ತನ್ನ ಬೀಜವನ್ನು ತಾನೇ ಅವಳ ಬಾಯಿಗೆ ಕೊಂಡುಹೋಗಿ ಇಡುತ್ತಿದ್ದ. ಅವಳು ಕಡಿಯಲು ಮರೆತರೆ "ಈ ಮೂಲೇಲಿ ಏನೋ ಇದ್ದಂಗಿದೆ" ಎಂದು ಸುಳಿವು ಕೊಡುತ್ತಿದ್ದ. ಸೋಲುವುದು ಎಷ್ಟು ಕಷ್ಟದ ಕೆಲಸ ಎಂದು ಅವನಿಗೆ ಗೊತ್ತೇ ಇರಲಿಲ್ಲ, ಯಾಕೆಂದರೆ ಅಲ್ಲಿಯವರೆಗೆ ಸಲೀಸಾಗಿ ಸೋತಿದ್ದ. ಅವಳ ಒಂದು ಕಾಯನ್ನೂ ಕಡಿಯದ್ದರಿಂದ ಅವನ ಬೀಜಗಳಿಗೆ ಒಳಸುತ್ತಿನ ಭಾಗ್ಯವೇ ಇಲ್ಲ. ಅವು ಹೊರಗೆ ಸುತ್ತಿ ಸುತ್ತಿ ನುಣುಪಾದವು.

ಕ್ಯಾಲೆಂಡರಿನ ತುಂಬ 'ದ', 'ದ', 'ದ' ಬಿತ್ತು. ದಾಕ್ಷಾಯಿಣಿ ನಗತೊಡಗಿದಳು, ಊಟ ಸೇರತೊಡಗಿತು. ಶಿವನಂಜಪ್ಪ ತನ್ನ ಬೆನ್ನು ತಾನೇ ತಟ್ಟಿಕೊಂಡ. ಕೆಟ್ಟದ್ದು ಮಾಡುವವನಿಗೆ ಸ್ವಲ್ಪವಾದರೂ ಅಳುಕು ಇರುತ್ತದೆ. ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡವನಿಗೆ ಅದೂ ಇರುವುದಿಲ್ಲ.

ಎರಡು ತಿಂಗಳ ಮೇಲೆ, ಒಂದು ಬುಧವಾರ, ರೆಹಾನಾ ಮೇಡಂ ಕ್ಯಾಲೆಂಡರ್ ನೋಡಿದರು.

"ಇಲ್ಲಿ ಕಾಗದದ ಪರೀಕ್ಷೆ ಕೊಟ್ರೆ ಇನ್ನೂ ತಪ್ಪು ಮಾಡ್ತಾರೆ. ಆದ್ರೆ ಮನೇಲಿ ಇಷ್ಟು ಗೆಲ್ತಿದ್ದಾರೆ ಅಂದ್ರೆ, ಇಲ್ಲಿ ಬಂದಾಗ ಹೆದರಿಕೆ ಇರಬೇಕು" ಎಂದರು. "ಸೋಮವಾರದಿಂದ ಗಿರಣಿಗೆ ಹೋಗ್ಲಿ. ಸ್ವಿಚ್ಚು, ಬೆಲ್ಟು ಎಲ್ಲ ಅವರೇ ನೋಡ್ಕೊಳ್ಳಲಿ. ಅಡ್ಡ ಬರಬೇಡಿ."

ಶಿವನಂಜಪ್ಪನಿಗೆ ಮನೆಯ ಒಲೆ ನೆನಪಾಯಿತು. ಆ ದಿನ ಬೆಳಿಗ್ಗೆಯೇ ಅವಳು ಹಾಲಿನ ಪಾತ್ರೆ ಇಟ್ಟು, ಗ್ಯಾಸ್ ತಿರುಗಿಸಿ, ಒಲೆ ಹಚ್ಚುವುದನ್ನು ಮರೆತು ಬಂದು ಕೂತಿದ್ದಳು. ಗಿರಣಿಯ ಬೆಲ್ಟು ಯಾರ ಮರೆವನ್ನೂ ಮನ್ನಿಸುವುದಿಲ್ಲ. ಒಮ್ಮೆ ಅವನ ಟವೆಲ್ಲಿನ ತುದಿ ಸಿಕ್ಕಿ, ಕಣ್ಣು ಮಿಟುಕಿಸುವುದರೊಳಗೆ ಚಿಂದಿಯಾಗಿತ್ತು. ನಿಜ ಹೇಳಬೇಕು ಎಂದು ಅವನು ಬಾಯಿ ತೆರೆದ. ಪಕ್ಕದಲ್ಲಿ ದಾಕ್ಷಾಯಿಣಿ, ಆಪರೇಷನ್ ಆದಮೇಲೆ ಮೊದಲನೇ ಸಲ, ಬಾಯಿ ತುಂಬ ನಗುತ್ತಿದ್ದಳು. ಅವನು "ಸರಿ ಮೇಡಂ" ಎಂದು ಬಾಯಿ ಮುಚ್ಚಿದ.

ಗುರುವಾರ ಹೇಗಾದರೂ ಮಾಡಿ ಗೆಲ್ಲಬೇಕು, ಆಗ ಅವಳಿಗೇ ಗೊತ್ತಾಗುತ್ತದೆ ಎಂದುಕೊಂಡ. ಆಗಲಿಲ್ಲ. ಶುಕ್ರವಾರವೂ ಆಗಲಿಲ್ಲ. ಶನಿವಾರ ಅವಳು ಸೋಮವಾರಕ್ಕೆಂದು ಹಳೇ ಕಾಟನ್ ಸೀರೆ ತೆಗೆದಿಟ್ಟು ಬಂದು ಆಟಕ್ಕೆ ಕೂತಳು. ಅವನು ಕವಡೆ ಹಾಕಿದ. ಮೂರು ಬಿತ್ತು. ಅವನ ಬೀಜದಿಂದ ಸರಿಯಾಗಿ ಮೂರನೇ ಮನೆಯಲ್ಲಿ ಅವಳ ಹಸಿರು ಬಳೆ ಚೂರು ಕೂತಿತ್ತು. ಕಡಿ, ಕಡಿ ಎಂದು ಅವನ ಬುದ್ಧಿ ಹೇಳಿತು. ಕಿರುಬೆರಳು ಬುದ್ಧಿಯ ಮಾತು ಕೇಳಲಿಲ್ಲ. ಒಂದು ಕವಡೆ ಮಗುಚಿತು. ಮೂರು ಎರಡಾಯಿತು.

"ಕೈ" ಎಂದಳು ದಾಕ್ಷಾಯಿಣಿ.

ಅವಳು ತಲೆ ಎತ್ತಿರಲಿಲ್ಲ. ಏಳು ತಿಂಗಳಿಂದ ಶಿವನಂಜಪ್ಪ ಆ ಮಾತು ಕೇಳಿರಲಿಲ್ಲ. ತನ್ನ ಕಿವಿಯಲ್ಲೇ ಏನೋ ಆಯಿತೆಂದುಕೊಂಡು ಕೈಯನ್ನು ಅಲ್ಲೇ ಇಟ್ಟಿದ್ದ.

"ಕೈ ತೆಗೀರಿ. ಮೂರು ಬಿದ್ದಿತ್ತು. ನನ್ನ ಬಳೆ ಕಡೀಬಹುದಿತ್ತು. ಯಾಕೆ ಕಡೀಲಿಲ್ಲ?"

"ಬೆರಳು ತಾಗ್ತು ಕಣೇ."

"ನಿಮ್ಮ ಬೆರಳು ನಂಗೊತ್ತಿಲ್ವಾ?"

ಅವಳು ಕಲ್ಲನ್ನೇ ನೋಡುತ್ತಾ ಕೂತಳು. ಈಗ ಅವಳ ಯೋಚನೆ ನಿಧಾನ. ಒಂದೊಂದೇ ಮನೆಯ ಮೇಲೆ ಬೆರಳಿಟ್ಟು ನೋಡಿದಳು.

"ನಿಮ್ಮ ಬೀಜ ನಾಲ್ಕೂ ಹೊರಗೇ ಇವೆ."

"ಹೂಂ."

"ನಿನ್ನೇನೂ ಹೊರಗೇ ಇದ್ವು." ಒಂದು ಬೀಜವನ್ನು ಮುಟ್ಟಿ ಹೇಳಿದಳು, "ಮೊನ್ನೆದು ಗೊತ್ತಿಲ್ಲ. ನಿನ್ನೆ ಹೊರಗಿದ್ವು."

ಬೆಳಿಗ್ಗೆಯ ತಿಂಡಿ ನೆನಪಿರದವಳಿಗೆ ನಿನ್ನೆಯ ಹುಣಸೆ ಬೀಜ ನೆನಪಿತ್ತು. ಶಿವನಂಜಪ್ಪನಿಗೆ ಸಿಕ್ಕಿಬಿದ್ದ ನಾಚಿಕೆ ಒಂದು ಕಡೆ, ಕುಣಿಯುವಷ್ಟು ಸಂತೋಷ ಇನ್ನೊಂದು ಕಡೆ. ಯಾವುದನ್ನು ಮೊದಲು ತೋರಿಸಬೇಕೆಂದು ತಿಳಿಯದೆ ಅವನು ಅಳತೊಡಗಿದ.

"ಎಷ್ಟು ದಿನದಿಂದ ಹಿಂಗೆ?" ಎಂದಳು.

"ಎರಡನೇ ದಿನದಿಂದ."

"ಹಂಗಾದ್ರೆ ನಾನು ಎಲ್ಲೀವರೆಗೆ ಬಂದಿದೀನಿ ಅಂತ ನಂಗೇ ಗೊತ್ತಿಲ್ವಲ್ರೀ. ಸೋಮವಾರ ಬೆಲ್ಟ್ ಮುಂದೆ ನಿಲ್ತಿದ್ದೆ."

"ನನ್ನಿಂದ ಆಗಿದ್ದು ದಾಕ್ಷಿ. ನೀನು ಹಂಪಿದೆ ಅಂದೆ. ನೀನು ಸೋತು ಕೂತ್ಕೊಳ್ಳೋದು ನೋಡೋಕಾಗ್ಲಿಲ್ಲ."

"ನೋಡೋಕಾಗ್ದಿದ್ರೆ ಆ ಕಡೆ ತಿರುಗ್ಕೊಳ್ಳಿ. ಗೆಲ್ಲೋಕೆ ಮೋಸ ಮಾಡ್ತಿದ್ರಿ, ಮೂವತ್ತೊಂದು ವರ್ಷ ಸಹಿಸ್ಕೊಂಡೆ. ಸೋಲೋಕೆ ಮೋಸ ಮಾಡಿದ್ರೆ ತವರಿಗೆ ಹೊರಟುಹೋಗ್ತೀನಿ."

ತವರಿನಲ್ಲಿ ಯಾರೂ ಇರಲಿಲ್ಲ. ಆ ಮನೆ ಮಾರಿ ಹನ್ನೆರಡು ವರ್ಷವಾಗಿತ್ತು. ಅದು ಅವಳಿಗೆ ನೆನಪಿದೆಯೋ ಇಲ್ಲವೋ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

ಅವಳು ಕ್ಯಾಲೆಂಡರ್ ಇಳಿಸಿ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ 'ದ' ಹೊಡೆದುಹಾಕಿದಳು. ಎಣಿಸುತ್ತಾ ಹೋಗುತ್ತಿದ್ದಳು, ನಡುವೆ ಲೆಕ್ಕ ತಪ್ಪುತ್ತಿತ್ತು, ಮತ್ತೆ ಮೊದಲಿಂದ ಎಣಿಸುತ್ತಿದ್ದಳು. ಒಂದು ಗಂಟೆ ಹಿಡಿಯಿತು. ನಾನು ಎಣಿಸಿಕೊಡುತ್ತೇನೆ ಎಂಬ ಮಾತು ಶಿವನಂಜಪ್ಪನ ತುಟಿಯವರೆಗೆ ಹತ್ತು ಸಲ ಬಂತು. ಅವನು ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತ. ಅವನ ಬಾಳಿನಲ್ಲಿ ಅಷ್ಟು ಕಷ್ಟಪಟ್ಟು ಏನೂ ಮಾಡದೆ ಕೂತದ್ದು ಅದೇ ಮೊದಲು.

ಸೋಮವಾರ ಗಿರಣಿಗೆ ಹೋಗಲಿಲ್ಲ, ಕ್ಲಿನಿಕ್ಕಿಗೆ ಹೋದರು. ಶಿವನಂಜಪ್ಪ ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡ.

"ಎರಡು ತಿಂಗಳು ನಾನು ಯಾರನ್ನ ಪರೀಕ್ಷೆ ಮಾಡ್ದೆ ಹಾಗಾದ್ರೆ? ನಿಮ್ಮನ್ನಾ?" ಎಂದು ರೆಹಾನಾ ಮೇಡಂ ಚೆನ್ನಾಗಿ ಬೈದರು. "ಆ ಕಾಗದದ ಪರೀಕ್ಷೆನ ನಾನೂ ನಂಬಬೇಕಿತ್ತು. ಗಿರಣಿ ಈಗ ಬೇಡ." ದಾಕ್ಷಾಯಿಣಿಯ ಮುಖ ಸಣ್ಣದಾಯಿತು. ಮೇಡಂ ಫೈಲು ಮುಚ್ಚುವ ಮೊದಲು ಕೇಳಿದರು, "ಅಲ್ಲಾ, ಈ ಮೋಸ ಕಂಡುಹಿಡಿದಿದ್ದು ಯಾರು?"

"ನಾನೇ" ಎಂದಳು ದಾಕ್ಷಾಯಿಣಿ.

ಮೇಡಂ ಫೈಲನ್ನು ಮತ್ತೆ ತೆರೆದು ಅದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಂಡರು.

ಆ ಸಂಜೆಯಿಂದ ನಿಜವಾದ ಆಟ ಶುರುವಾಯಿತು. ನಿಜವಾದ ಆಟದಲ್ಲಿ ದಾಕ್ಷಾಯಿಣಿ ಸೋತಳು. ಮಾರನೇ ದಿನವೂ ಸೋತಳು. ಒಂಬತ್ತನೇ ದಿನ ಸಿಟ್ಟು ಬಂದು ಕವಡೆಗಳನ್ನು ಬೀದಿಗೆ ಎಸೆದಳು. ಮೂರು ಬೇಗ ಸಿಕ್ಕಿದವು. ನಾಲ್ಕನೆಯದಕ್ಕೆ ಶಿವನಂಜಪ್ಪ ಎದುರುಮನೆಯ ಹಸುವಿನ ಹೊಟ್ಟೆಯ ಕೆಳಗೆ ಅಂಬೆಗಾಲಿಟ್ಟು ಹುಡುಕಬೇಕಾಯಿತು. ಕೆಲವು ದಿನ ತಲೆನೋವೆಂದು ಅವಳು ಆಡಲೇ ಇಲ್ಲ, ಗೋಡೆಯ ಕಡೆ ತಿರುಗಿ ಮಲಗಿದಳು. ಅವನು ಜಗಲಿಯ ಮೇಲೆ ಬೀಜ, ಬಳೆ ಜೋಡಿಸಿಟ್ಟುಕೊಂಡು ಕಾದ.

ಪಾಪ, ಅವನ ಹಣೆಬರಹ ನೋಡಿ. ಮೂವತ್ತೊಂದು ವರ್ಷ ಒಂದೇ ಒಂದು ಸಲ ಗೆಲ್ಲಬೇಕೆಂದು ಹಂಬಲಿಸಿದವನು. ಈಗ ಸಾಲಾಗಿ ಇಪ್ಪತ್ತಮೂರು ಆಟ ಗೆದ್ದ, ಒಂದು ದಿನವೂ ಮುದ್ದೆ ರುಚಿಸಲಿಲ್ಲ. ಆದರೂ ಅವಳ ಕಾಯಿ ಸಿಕ್ಕಾಗ ಕಡಿದ. ಕಡಿದು, ಕವಡೆ ಅವಳ ಕೈಗೆ ಕೊಟ್ಟ.

ಇಪ್ಪತ್ತನಾಲ್ಕನೇ ಆಟದಲ್ಲಿ ದಾಕ್ಷಾಯಿಣಿಯ ಕೊನೇ ಬಳೆ ಚೂರು ನಡುಮನೆ ಸೇರಿತು. ಅವಳು ನಗಲಿಲ್ಲ. ಮೊದಲು ಗಂಡನ ಕೈ ನೋಡಿದಳು. ಅವನು ಪೊಲೀಸರಿಗೆ ಶರಣಾದವನ ಹಾಗೆ ಎರಡೂ ಕೈ ಮೇಲೆತ್ತಿ ತೋರಿಸಿದ. ಟವೆಲ್ ಕೊಡವಿಸಿ ನೋಡಿದಳು. ಆಮೇಲೆ ಕ್ಯಾಲೆಂಡರ್ ತಂದು ಸೊಟ್ಟ ಅಕ್ಷರದಲ್ಲಿ ತಾನೇ 'ದ' ಬರೆದಳು. ಶಿವನಂಜಪ್ಪ ಬೀದಿಗೆಲ್ಲ ಸಕ್ಕರೆ ಹಂಚಿದ. ಹೆಂಡತಿಯ ಕೈಯಲ್ಲಿ ಸೋತದ್ದಕ್ಕೆ ಸಕ್ಕರೆ ಹಂಚಿದ ಗಂಡ ಆ ಊರಿನಲ್ಲಿ ಅವನೊಬ್ಬನೇ. ಹೊಡೆತ ಬಿದ್ದರೆ ಸರಿಹೋಗುತ್ತದೆ ಎಂದವರಿಗೂ ಒಂದು ಚಿಟಿಕೆ ಕೊಟ್ಟ.

ಈಗ ಅಪಘಾತವಾಗಿ ಎರಡು ವರ್ಷ ಕಳೆದಿದೆ. ದಾಕ್ಷಾಯಿಣಿ ಬೆಳಿಗ್ಗೆ ಎರಡು ಗಂಟೆ ಗಿರಣಿಯಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಾಳೆ. ನಲವತ್ತು ಡಬ್ಬದಲ್ಲಿ ಮೂವತ್ತು ಡಬ್ಬಕ್ಕೆ ನಗ್ಗು ನೋಡಿ ಮನೆ ಹೇಳುತ್ತಾಳೆ, ಉಳಿದ ಹತ್ತರ ಮೇಲೆ ಹೆಸರು ಬರೆಸಿದ್ದಾರೆ. ಬೆಲ್ಟಿನ ಹತ್ತಿರ ಇನ್ನೂ ಶಿವನಂಜಪ್ಪನೇ ನಿಲ್ಲುತ್ತಾನೆ. ಅವಳಿಗೆ ವಾಸನೆ ಗೊತ್ತಾಗುವ ಶಕ್ತಿ ಮಾತ್ರ ವಾಪಸ್ ಬಂದಿಲ್ಲ. ಬರಲಿಕ್ಕಿಲ್ಲ ಎಂದಿದ್ದಾರೆ ಡಾಕ್ಟರು. ಮುದ್ದೆಯಲ್ಲಿ ಗಂಟಿದ್ದರೆ ಈಗ ತಟ್ಟೆ ಹಿಂದಕ್ಕೆ ತಳ್ಳುತ್ತಾಳೆ, ಅದನ್ನು ಕಂಡರೆ ಅವನಿಗೆ ಒಳಗೊಳಗೇ ಖುಷಿ.

ಮೊನ್ನೆ ಸಂಜೆ ಆಟ ಬಿರುಸಾಗಿತ್ತು. ಅವನ ಒಂದು ಬೀಜ ಹಣ್ಣಾಗಲು ಇನ್ನೊಂದೇ ಮನೆ ಬಾಕಿ. ಎರಡು ವರ್ಷದಲ್ಲಿ ಮೊದಲನೇ ಸಲ ಅವನಿಗೆ ಹಳೇ ಚಾಳಿ ಬಂತು.

"ದಾಕ್ಷಿ, ಹಾಲು ಉಕ್ಕಿದ ವಾಸನೆ ಬರ್ತಿದೆ."

ಅವಳು ಏಳಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿದಳು.

"ಇವತ್ತು ಹಾಲಿನೋನು ಬಂದಿಲ್ಲ" ಎಂದಳು. "ಕೈ."

ಶಿವನಂಜಪ್ಪ ಕೈ ತೆಗೆದ.

ನೀತಿ: ಪೆಟ್ಟು ತಿಂದು ನಿಧಾನವಾಗಿ ಏಳುತ್ತಿರುವವರಿಗೆ ಸುಳ್ಳು ಗೆಲುವು ಕೊಡಬೇಡಿ. ತಾವು ಎಲ್ಲಿದ್ದೇವೆ ಎಂಬುದು ಅವರಿಗೆ ತಿಳಿಯ‌ದೆ ಹೋಗುತ್ತದೆ. ಅವರ ಸೋಲು ಅವರದೇ ಆಗಿರಲಿ, ಪಕ್ಕದಲ್ಲಿ ಕೂರುವ ಕೆಲಸ ನಿಮ್ಮದು. ಇನ್ನೊಂದು ಸಣ್ಣ ನೀತಿಯೂ ಇದೆ: ಈರುಳ್ಳಿಗೆ ಬುಟ್ಟಿ ಸಿಗುತ್ತದೆ, ಹೆಲ್ಮೆಟ್ ತಲೆಗೆ ಹಾಕಿಕೊಳ್ಳಿ.